ಮಗುವಿನ ಬೆಳವಣಿಗೆ ತಡವಾದಾಗ: ಚಿಕಿತ್ಸೆ ನಡೆಯಬೇಕಾದದ್ದು ಮನೆಯಲ್ಲಿ

ಮಗುವಿರುವ ಮನೆಯಲ್ಲಿ ಮೊದಲ ವರ್ಷ ತಿಂಗಳಿಗೊಂದು ಸಂಭ್ರಮ. ಕತ್ತು ನಿಂತಿತು, ಮಗುಚಿಕೊಂಡಿತು, ಕೂತಿತು, ಅಂಬೆಗಾಲಿಟ್ಟಿತು ಎಂದು ಅಜ್ಜಿಯರು ಲೆಕ್ಕ ಇಡುತ್ತಲೇ ಇರುತ್ತಾರೆ. ಮಗು ತಾನಾಗಿ ಹೊಸಿಲು ದಾಟಿದ ದಿನ ಸಿಹಿ ಮಾಡಿ ಹಂಚುವ ರೂಢಿಯೂ ಕೆಲವು ಮನೆಗಳಲ್ಲಿದೆ. ಆದರೆ ಇನ್ನು ಕೆಲವು ಮನೆಗಳಲ್ಲಿ ಈ ಲೆಕ್ಕ ನಡುವೆ ಎಲ್ಲೋ ನಿಂತುಬಿಡುತ್ತದೆ. ಏಳು ತಿಂಗಳಾದರೂ ಕತ್ತು ನೆಟ್ಟಗೆ ನಿಲ್ಲುವುದಿಲ್ಲ. ವರ್ಷವಾದರೂ ಮಗು ಕೂರುವುದಿಲ್ಲ. ತಾಯಿಗೆ ಒಳಗೊಳಗೇ ಅನುಮಾನ. ಬಾಯಿಬಿಟ್ಟು ಹೇಳಿದರೆ "ಅವರಪ್ಪನೂ ಹೀಗೇ ಇದ್ದ, ಎರಡು ವರ್ಷಕ್ಕೆ ನಡೆದದ್ದು, ಸುಮ್ಮನಿರು" ಎಂಬ ಸಮಾಧಾನ. ಈ ಸಮಾಧಾನದಲ್ಲೇ ಆರು ತಿಂಗಳು, ವರ್ಷ ಕಳೆದುಹೋಗುತ್ತದೆ.

ಇಂಥ ಮಕ್ಕಳಿಗೆ ಫಿಸಿಯೋಥೆರಪಿ ಮತ್ತು ಆಕ್ಯುಪೇಷನಲ್ ಥೆರಪಿ ಎಂಬ ಎರಡು ಚಿಕಿತ್ಸೆಗಳಿವೆ. ಇವುಗಳ ಹೆಸರು ಈಗ ಹಳ್ಳಿಯವರಿಗೂ ಗೊತ್ತು. ಆದರೆ ಇವು ನಿಜವಾಗಿ ಏನು, ಇವುಗಳಲ್ಲಿ ಮನೆಯವರ ಪಾಲು ಎಷ್ಟು ಎಂಬುದು ಓದಿಕೊಂಡವರಿಗೂ ಸರಿಯಾಗಿ ತಿಳಿದಿರುವುದಿಲ್ಲ. "ವಾರಕ್ಕೆ ಎರಡು ದಿನ ಥೆರಪಿಗೆ ಕರ್ಕೊಂಡು ಹೋಗ್ತಿದೀವಿ ಡಾಕ್ಟ್ರೇ" ಎನ್ನುತ್ತಾರೆ. ಒಳ್ಳೆಯದೇ. ಆದರೆ ಲೆಕ್ಕ ಹಾಕಿ ನೋಡಿ. ಒಂದೊಂದು ಸಲಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಒಂದು ಗಂಟೆಯಾಯಿತು. ವಾರದಲ್ಲಿ ಇರುವುದು 168 ಗಂಟೆ. ನಿದ್ದೆ ಕಳೆದರೂ ಎಂಬತ್ತು ತೊಂಬತ್ತು ಗಂಟೆ ಮಗು ಎಚ್ಚರವಾಗಿರುತ್ತದೆ. ಅಷ್ಟು ಹೊತ್ತು ಅದು ಹೇಗೆ ಮಲಗಿರುತ್ತದೆ, ಹೇಗೆ ಕೂರುತ್ತದೆ, ಹೇಗೆ ಉಣ್ಣುತ್ತದೆ, ಅದನ್ನು ಹೇಗೆ ಎತ್ತಿಕೊಳ್ಳುತ್ತೀರಿ ಎಂಬುದರ ಮುಂದೆ ಆ ಒಂದು ಗಂಟೆ ತೀರಾ ಚಿಕ್ಕದು.

ಎರಡು ಚಿಕಿತ್ಸೆ, ಒಂದೇ ಮಗು

ಫಿಸಿಯೋಥೆರಪಿ ಮೈಯ ದೊಡ್ಡ ಚಲನೆಗಳಿಗೆ ಸಂಬಂಧಿಸಿದ್ದು. ಕತ್ತು ಹಿಡಿಯುವುದು, ಕೂರುವುದು, ಏಳುವುದು, ನಿಲ್ಲುವುದು, ನಡೆಯುವುದು ಇದರ ಕ್ಷೇತ್ರ. ಆಕ್ಯುಪೇಷನಲ್ ಥೆರಪಿ ಎಂದಾಗ "ಮಗುವಿಗೆ ಎಂಥ ಉದ್ಯೋಗ?" ಎಂದು ಕೇಳಿದವರಿದ್ದಾರೆ. ಉಣ್ಣುವುದು, ಅಂಗಿ ಹಾಕಿಕೊಳ್ಳುವುದು, ಶೌಚಕ್ಕೆ ಹೋಗುವುದು, ಆಡುವುದು, ಬರೆಯುವುದು, ಇವೇ ಮಗುವಿನ ಉದ್ಯೋಗ. ಇವನ್ನು ಮಗು ಆದಷ್ಟು ತಾನೇ ಮಾಡಿಕೊಳ್ಳುವಂತೆ ಕಲಿಸುವುದು, ಆಗದ ಕಡೆ ಉಪಾಯ ಹುಡುಕುವುದು ಈ ಚಿಕಿತ್ಸೆ. ನಮ್ಮ ದೇಶಕ್ಕೆ ಇದನ್ನು ತಂದವರು ಕಮಲಾ ನಿಂಬ್ಕರ್. ಅಮೆರಿಕದಲ್ಲಿ ಹುಟ್ಟಿ, ಭಾರತೀಯರನ್ನು ಮದುವೆಯಾಗಿ ಇಲ್ಲಿಯವರೇ ಆದ ಈಕೆ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಾಲೆ ತೆರೆದರು.

ಹಿಂದೆ ಈ ವಿಭಾಗಗಳ ತುಂಬ ಪೋಲಿಯೋ ಮಕ್ಕಳೇ ಇರುತ್ತಿದ್ದರು. ಭಾರತದಲ್ಲಿ ಕಾಡು ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ದೇಶವನ್ನು ಪೋಲಿಯೋಮುಕ್ತ ಎಂದು ಘೋಷಿಸಲಾಯಿತು. ಈಗ ಅಲ್ಲಿಗೆ ಬರುವ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಇರುವುದು ಸೆರೆಬ್ರಲ್ ಪಾಲ್ಸಿ. ಸರ್ಕಾರಿ ಕಾಗದಗಳಲ್ಲಿ ಇದನ್ನು ಮೆದುಳಿನ ಪಾರ್ಶ್ವವಾಯು ಎನ್ನುತ್ತಾರೆ. ಸಾವಿರ ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಬರುವ ಈ ತೊಂದರೆಯನ್ನೇ ಮುಖ್ಯವಾಗಿಟ್ಟುಕೊಂಡು ಇಲ್ಲಿ ಬರೆಯುತ್ತಿದ್ದೇನೆ.

ಇದರಲ್ಲಿ ಪೆಟ್ಟು ಬಿದ್ದಿರುವುದು ಕೈಕಾಲಿಗಲ್ಲ, ಅವನ್ನು ನಡೆಸುವ ಮೆದುಳಿಗೆ. ದಿನ ತುಂಬುವ ಮೊದಲೇ ಹುಟ್ಟಿದ್ದು, ಹೆರಿಗೆಯಲ್ಲಿ ಉಸಿರು ಕಟ್ಟಿದ್ದು, ಮೊದಲ ವಾರದ ಕಾಮಾಲೆ ವಿಪರೀತಕ್ಕೆ ಹೋದದ್ದು, ಮೆದುಳಿನ ಸೋಂಕು, ಹೀಗೆ ಕಾರಣಗಳು ಹಲವು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಬಸುರಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದದ್ದಂತೂ ಕಾರಣವಲ್ಲ. ಸೊಸೆಯನ್ನು ದೂರುವ ಮನೆಗಳಲ್ಲಿ ಈ ಸಾಲನ್ನು ದಯವಿಟ್ಟು ಗಟ್ಟಿಯಾಗಿ ಓದಿ.

ಪೆಟ್ಟು ಬಿದ್ದ ಭಾಗ ಮತ್ತೆ ಸರಿಹೋಗುವುದಿಲ್ಲ, ಹಾಗೆಯೇ ಅದು ಹರಡುವುದೂ ಇಲ್ಲ. ಆದರೆ ಮೈ ಬೆಳೆಯುತ್ತದೆ. ಎಲುಬು ಉದ್ದವಾದಂತೆ ಬಿಗಿಯಾದ ಸ್ನಾಯು ಅದರ ಜೊತೆಗೆ ಉದ್ದವಾಗುವುದಿಲ್ಲ. ಎರಡು ವರ್ಷಕ್ಕೆ ಸುಮ್ಮನೆ ಬಿಗಿಯಾಗಿದ್ದ ಕಾಲು ಎಂಟು ವರ್ಷಕ್ಕೆ ಸೊಟ್ಟಗಾಗುವುದು ಹೀಗೆ. ಇನ್ನೊಂದು ಮಾತು: ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ಬುದ್ಧಿಗೆ ಏನೂ ಕೊರತೆಯಿರುವುದಿಲ್ಲ. ಮಾತು ತೊದಲುವ, ಜೊಲ್ಲು ಸುರಿಸುವ ಮಗು ನೀವು ಆಡಿದ್ದನ್ನೆಲ್ಲ ಅರ್ಥಮಾಡಿಕೊಳ್ಳುತ್ತಿರಬಹುದು. ಅದರ ಎದುರಿಗೇ "ಇದು ಯಾವ ಜನ್ಮದ ಕರ್ಮವೋ" ಎನ್ನಬೇಡಿ.

ಯಾವಾಗ ತೋರಿಸಬೇಕು?

ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ, 2006ರಲ್ಲಿ ಯಾವ ಚಲನೆ ಯಾವ ವಯಸ್ಸಿನೊಳಗೆ ಬರುತ್ತದೆ ಎಂದು ಪ್ರಕಟಿಸಿತು. ಆಧಾರವಿಲ್ಲದೆ ಕೂರುವುದು ಹೆಚ್ಚೆಂದರೆ ಒಂಬತ್ತು ತಿಂಗಳಿಗೆ, ತಾನೇ ನಿಲ್ಲುವುದು ಹದಿನೇಳು ತಿಂಗಳೊಳಗೆ, ತಾನೇ ನಡೆಯುವುದು ಹದಿನೇಳೂವರೆ ತಿಂಗಳೊಳಗೆ. ಅಂದರೆ ಎಂಟು ತಿಂಗಳಿಗೆ ನಡೆಯುವ ಮಗುವೂ ಸರಿಯೇ, ಒಂದೂವರೆ ವರ್ಷದ ಹತ್ತಿರ ನಡೆಯುವ ಮಗುವೂ ಸರಿಯೇ. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ನೇರವಾಗಿ ಎದ್ದು ನಿಂತವು, ಅಷ್ಟಕ್ಕೇ ಹೆದರಬೇಕಿಲ್ಲ. ಎರಡು ತಿಂಗಳು ಮೊದಲೇ ಹುಟ್ಟಿದ ಮಗುವಾದರೆ ಅದರ ವಯಸ್ಸಿನಿಂದ ಎರಡು ತಿಂಗಳು ಕಳೆದು ಲೆಕ್ಕ ಹಾಕಿ.

ಆದರೆ ತಿಂಗಳ ಲೆಕ್ಕಕ್ಕಿಂತ ಮೊದಲೇ ಕಣ್ಣಿಗೆ ಬೀಳುವ ಸೂಚನೆಗಳಿವೆ. ನಾಲ್ಕು ತಿಂಗಳು ಕಳೆದರೂ ಕತ್ತು ನಿಲ್ಲುವುದಿಲ್ಲ, ಮುಷ್ಟಿ ಸದಾ ಬಿಗಿದೇ ಇರುತ್ತದೆ. ಎತ್ತಿದಾಗ ಎರಡು ಕಾಲೂ ಕತ್ತರಿಯಂತೆ ಒಂದರ ಮೇಲೊಂದು ಬರುತ್ತವೆ. ಬಟ್ಟೆ ಬದಲಿಸುವಾಗ ತೊಡೆ ಅಗಲಿಸಲು ಕಷ್ಟ. ಮಗು ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತದೆ, ಇಲ್ಲವೇ ಒದ್ದೆ ಬಟ್ಟೆಯ ಹಾಗೆ ಮೆತ್ತಗೆ ಜೋಲುತ್ತದೆ. ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸುತ್ತದೆ. ಈ ಕೊನೆಯದನ್ನು ಮನೆಯವರು "ನಮ್ಮದು ಎಡಚ" ಎಂದು ನಕ್ಕು ಬಿಟ್ಟುಬಿಡುವುದುಂಟು. ಯಾವ ಕೈ ರೂಢಿ ಎಂಬುದು ಅಷ್ಟು ಬೇಗ ತೀರ್ಮಾನವಾಗುವುದಿಲ್ಲ. ಬಳಸದ ಇನ್ನೊಂದು ಕೈಗೆ ಏನಾಗಿದೆ ಎಂದು ನೋಡಬೇಕು.

ಎರಡು ವರ್ಷವಾಗದೆ ಏನೂ ಹೇಳಲಾಗದು ಎಂಬ ಹಳೆಯ ಮಾತು ಈಗ ನಿಲ್ಲುವುದಿಲ್ಲ. ಮಗುವಿನ ಚಲನೆಗಳ ಪರೀಕ್ಷೆ, ನರಗಳ ಪರೀಕ್ಷೆ, ಮೆದುಳಿನ ಎಂ.ಆರ್.ಐ. ಇವನ್ನು ಸೇರಿಸಿ ನೋಡಿದರೆ ಆರು ತಿಂಗಳೊಳಗೇ ಸೆರೆಬ್ರಲ್ ಪಾಲ್ಸಿಯನ್ನು ಗುರುತಿಸಬಹುದು ಎಂದು 2017ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಹೇಳಿತು. ರೋಗದ ಹೆಸರು ಖಚಿತವಾಗುವವರೆಗೆ ಕಾಯಬೇಕಾಗಿಯೂ ಇಲ್ಲ, ಅನುಮಾನವಿದ್ದರೆ ತರಬೇತಿ ಶುರು ಮಾಡಬಹುದು. ಮಗು ಸರಿಯಾಗಿಯೇ ಇದ್ದರೆ ನಷ್ಟವೇನಿಲ್ಲ, ಒಂದಿಷ್ಟು ಆಟ ಆಡಿದಂತಾಯಿತು.

ಅವಸರ ಏಕೆಂದರೆ, ಕೆನಡಾದ ಪೀಟರ್ ರೋಸೆನ್‌ಬಾಮ್ ಮತ್ತು ಸಂಗಡಿಗರು ಆರುನೂರಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2002ರಲ್ಲಿ ಒಂದು ವಿಷಯ ತೋರಿಸಿದರು. ಕೂರುವ, ನಿಲ್ಲುವ, ನಡೆಯುವ ಶಕ್ತಿಯಲ್ಲಿ ಆ ಮಗು ಎಷ್ಟು ಮುಟ್ಟಬಲ್ಲದೋ ಅದರ ನೂರಕ್ಕೆ ತೊಂಬತ್ತು ಭಾಗವನ್ನು ಐದು ವರ್ಷದೊಳಗೇ ಮುಟ್ಟಿರುತ್ತದೆ. ತೊಂದರೆ ಹೆಚ್ಚಿರುವ ಮಕ್ಕಳಲ್ಲಿ ಮೂರು ವರ್ಷಕ್ಕೂ ಮೊದಲೇ. ಕೈಕೆಲಸ, ಓದುಬರಹ, ತನ್ನನ್ನು ತಾನು ನೋಡಿಕೊಳ್ಳುವುದು ಆಮೇಲೂ ಬೆಳೆಯುತ್ತಲೇ ಇರುತ್ತವೆ. ಆದರೆ ನಡಿಗೆಯ ವಿಷಯದಲ್ಲಿ ಮೊದಲ ವರ್ಷಗಳನ್ನು ಕೈಬಿಟ್ಟರೆ ಅವು ಮತ್ತೆ ಸಿಗುವುದಿಲ್ಲ.

ಮಗು ಮಾಡಬೇಕು, ನಾವಲ್ಲ

ಥೆರಪಿ ಎಂದರೆ ಯಾರೋ ಒಬ್ಬರು ಮಗುವನ್ನು ಮಲಗಿಸಿ ಕೈಕಾಲು ಮಡಿಸಿ ನೀಡಿ ಕಳಿಸುವುದು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿದೆ. ಕಳೆದ ಇಪ್ಪತ್ತು ವರ್ಷಗಳ ಸಂಶೋಧನೆ ಈ ಚಿತ್ರವನ್ನು ತಿರುವಿ ಹಾಕಿದೆ. ಇನ್ನೊಬ್ಬರು ಕೈಕಾಲು ಆಡಿಸಿದ್ದರಿಂದ ಮೆದುಳು ಕಲಿಯುವುದು ಬಹಳ ಕಡಿಮೆ. ಮಗು ತಾನೇ ಬೇಕೆಂದು ಕೈ ಚಾಚಿದಾಗ, ತಪ್ಪಿದಾಗ, ಮತ್ತೆ ಚಾಚಿದಾಗ ಮೆದುಳು ಕಲಿಯುತ್ತದೆ. ನಾವು ಸೈಕಲ್ ಕಲಿತದ್ದೂ ಹಾಗೆಯೇ ಅಲ್ಲವೇ? ಇನ್ನೊಬ್ಬರು ನಮ್ಮ ಕಾಲನ್ನು ಹಿಡಿದು ತಿರುಗಿಸಿದ್ದರೆ ಇವತ್ತಿಗೂ ಬರುತ್ತಿರಲಿಲ್ಲ.

ಅಭ್ಯಾಸವೂ ಕೆಲಸದ್ದೇ ಆಗಬೇಕು. ಲೋಟ ಹಿಡಿದು ಕುಡಿಯುವುದನ್ನು ಕಲಿಯಬೇಕಾದರೆ ಲೋಟ ಹಿಡಿದೇ ಕಲಿಯಬೇಕು. ಮೆತ್ತನೆಯ ಚೆಂಡು ಹಿಸುಕಿ ಕೈ ಬಲವಾದ ಮೇಲೆ ಲೋಟ ತಾನಾಗಿ ಬರುತ್ತದೆ ಎಂದು ಕಾಯಬಾರದು. ಇಂಥ ಒಂದು ಕೈಕೆಲಸ ಮಗುವಿಗೆ ಬರಲು ಹದಿನೈದರಿಂದ ಇಪ್ಪತ್ತೈದು ಗಂಟೆಗಳ ಅಭ್ಯಾಸ ಬೇಕಾಗುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ದಿನಕ್ಕೆ ಅರ್ಧ ಗಂಟೆಯಂತೆ ಒಂದು ಒಂದೂವರೆ ತಿಂಗಳು. ಆಸ್ಪತ್ರೆಯ ವಾರಕ್ಕೊಂದು ಗಂಟೆಯನ್ನೇ ನಂಬಿದರೆ ಅರ್ಧ ವರ್ಷ. ಆದ್ದರಿಂದ ಥೆರಪಿಸ್ಟರನ್ನು ಪ್ರತಿ ಸಲ ಕೇಳಬೇಕಾದ ಪ್ರಶ್ನೆ "ಎಷ್ಟು ಸಿಟ್ಟಿಂಗ್ ಆಗಬೇಕು?" ಎಂಬುದಲ್ಲ. "ಈ ತಿಂಗಳು ಮಗು ಯಾವ ಒಂದು ಕೆಲಸ ಕಲಿಯಬೇಕು, ಮನೆಯಲ್ಲಿ ನಾವೇನು ಮಾಡಬೇಕು, ನಾವು ಮಾಡುವುದನ್ನು ಒಮ್ಮೆ ನೋಡಿ ತಿದ್ದಿ" ಎಂದು ಕೇಳಿ. ಒಳ್ಳೆಯ ಥೆರಪಿಸ್ಟರು ಈ ಪ್ರಶ್ನೆಗೆ ಸಂತೋಷಪಡುತ್ತಾರೆ. ತಂದೆ ತಾಯಿಯನ್ನು ಹೊರಗೆ ಕೂರಿಸಿ ಬಾಗಿಲು ಮುಚ್ಚುವ ಕಡೆ ನನಗಂತೂ ನಂಬಿಕೆ ಕಡಿಮೆ.

ಇದನ್ನು ಓದಿ ತಾಯಿಯರು ಗಾಬರಿಯಾಗುವುದು ಬೇಡ. ಅಡುಗೆ, ನೀರು, ಇನ್ನೊಂದು ಮಗು, ಹೊಲದ ಕೆಲಸ, ಇವುಗಳ ನಡುವೆ ದಿನವಿಡೀ ವ್ಯಾಯಾಮ ಮಾಡಿಸಲು ಯಾರಿಂದಲೂ ಆಗದು. 2009ರಲ್ಲಿ ಆಸ್ಟ್ರೇಲಿಯಾದ ಐಯೋನಾ ನೊವಾಕ್ ಮತ್ತು ಸಂಗಡಿಗರು ಮನೆಯಲ್ಲೇ ನಡೆಸುವ ಆಕ್ಯುಪೇಷನಲ್ ಥೆರಪಿಯನ್ನು ಪರೀಕ್ಷಿಸಿದಾಗ, ತಂದೆ ತಾಯಿಯರು ಹೆಚ್ಚುಕಡಿಮೆ ದಿನ ಬಿಟ್ಟು ದಿನ, ಒಂದೊಂದು ಸಲಕ್ಕೆ ಕಾಲು ಗಂಟೆಯಷ್ಟು ಮಾಡಿಸಿದ್ದರು. ಎಂಟು ವಾರಗಳಲ್ಲಿ ಮಕ್ಕಳ ಕೈಕೆಲಸದಲ್ಲಿ ಸುಧಾರಣೆ ಕಂಡಿತು. ಪಟ್ಟಿ ಉದ್ದವಿದ್ದರೆ ಎರಡೇ ಆರಿಸಿಕೊಳ್ಳಿ. ದಿನಾ ಹೇಗೂ ಮಾಡುವ ಕೆಲಸಗಳೊಳಗೆ ಅದನ್ನು ಸೇರಿಸಿ.

ಮನೆಯೇ ಶಾಲೆ

ಎತ್ತಿಕೊಳ್ಳುವುದರಿಂದಲೇ ಶುರು ಮಾಡೋಣ. ಕಾಲು ಕತ್ತರಿಯಂತಾಗುವ ಮಗುವನ್ನು ಎಳೆಗೂಸಿನಂತೆ ಎರಡು ತೋಳಿನ ಮೇಲೆ ಮಲಗಿಸಿಕೊಂಡು ಓಡಾಡುವುದನ್ನು ಕಾಣುತ್ತೇವೆ. ಆ ಭಂಗಿಯಲ್ಲಿ ಕಾಲುಗಳು ಇನ್ನಷ್ಟು ಬಿಗಿಯುತ್ತವೆ, ಮಗು ಸೂರು ಬಿಟ್ಟು ಬೇರೇನೂ ನೋಡುವುದಿಲ್ಲ. ನಮ್ಮ ಹೆಂಗಸರು ಸೊಂಟದ ಮೇಲೆ ಮಗುವನ್ನು ಕೂರಿಸಿಕೊಳ್ಳುತ್ತಾರಲ್ಲ, ಅದೇ ಒಳ್ಳೆಯ ಪದ್ಧತಿ. ತಾಯಿಯ ಸೊಂಟದ ಎರಡೂ ಕಡೆ ಕಾಲು ಅಗಲವಾಗುತ್ತದೆ, ಬೆನ್ನು ನೆಟ್ಟಗಾಗುತ್ತದೆ, ಕಣ್ಣೆದುರು ಲೋಕ ಕಾಣುತ್ತದೆ. ಮಗು ದೊಡ್ಡದಾದಂತೆ ಮಾತ್ರ ತಾಯಿಯ ಬೆನ್ನು ಸೋಲುತ್ತದೆ. ಹತ್ತು ವರ್ಷದ ಮಗನನ್ನು ಎತ್ತಿ ಎತ್ತಿ ಸೊಂಟ ನೋವಿನಿಂದ ನನ್ನ ಬಳಿಗೆ ಬರುವ ತಾಯಂದಿರಿದ್ದಾರೆ. ಅಪ್ಪ, ಚಿಕ್ಕಪ್ಪ, ಮಾವ ಎಲ್ಲರೂ ಪಾಳಿ ಹಾಕಿಕೊಳ್ಳಬೇಕಾದ ಕೆಲಸವಿದು.

ಕೂರಲು ಬಾರದ ಮಗುವನ್ನು ದಿನವಿಡೀ ಮಲಗಿಸಿಡಬೇಡಿ. ಎರಡು ಗೋಡೆ ಸೇರುವ ಮೂಲೆ ಒಳ್ಳೆಯ ಕುರ್ಚಿ. ಅಲ್ಲಿ ಕೂರಿಸಿ, ಎರಡು ಪಕ್ಕಕ್ಕೆ ಸುತ್ತಿದ ಕಂಬಳಿ ಇಡಿ. ತೊಡೆಗಳ ನಡುವೆ ಬಟ್ಟೆಯ ಉಂಡೆ ಇಟ್ಟರೆ ಕಾಲು ಅಗಲವಾಗಿ ಉಳಿಯುತ್ತದೆ. ಮುಂದೆ ಒಂದು ಎತ್ತರದ ಮಣೆಯೋ ಸ್ಟೂಲೋ ಇಟ್ಟು ಅದರ ಮೇಲೆ ಆಟದ ಸಾಮಾನು ಹರಡಿ. ಸ್ಟೂಲಿನ ಮೇಲೆ ಕೂರುವ ಮಗುವಾದರೆ ಪಾದ ನೆಲಕ್ಕೆ ಪೂರ್ತಿ ತಾಗಬೇಕು. ಕಾಲು ಗಾಳಿಯಲ್ಲಿ ಜೋತಾಡುತ್ತಿದ್ದರೆ ಕೈ ಕೆಲಸ ಮಾಡುವುದಿಲ್ಲ. ನಿಮ್ಮ ಕುರ್ಚಿಯಲ್ಲಿ ಕಾಲೆತ್ತಿ ಕೂತು ಸೂಜಿಗೆ ದಾರ ಪೋಣಿಸಿ ನೋಡಿ, ಗೊತ್ತಾಗುತ್ತದೆ. ಚಕ್ರವಿರುವ, ಮಗುವನ್ನು ನಡುವೆ ತೂಗುಹಾಕುವ ವಾಕರ್ ಬೇಡ. ಬಿಗಿತವಿರುವ ಮಗು ಅದರಲ್ಲಿ ತುದಿಗಾಲಲ್ಲಿ ತಳ್ಳಲು ಕಲಿಯುತ್ತದೆ. ಆರೋಗ್ಯವಂತ ಮಕ್ಕಳಿಗೂ ಅದು ಅಪಾಯವೆಂದು ಕೆನಡಾ 2004ರಲ್ಲೇ ನಿಷೇಧಿಸಿತು.

ಉಣ್ಣಿಸುವುದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇಲ್ಲಿ ಜೀವದ ಪ್ರಶ್ನೆಯಿದೆ. ತೀವ್ರ ತೊಂದರೆಯಿರುವ ಮಕ್ಕಳು ಸಾಯುವುದು ಸೆರೆಬ್ರಲ್ ಪಾಲ್ಸಿಯಿಂದಲ್ಲ, ಬಹಳ ಸಲ ನ್ಯುಮೋನಿಯಾದಿಂದ. ಕಾಲ ಮೇಲೆ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಗ್ಗಿಸಿ ಒಳಲೆಯಲ್ಲೋ ಲೋಟದಲ್ಲೋ ಗಂಟಲಿಗೆ ಸುರಿದರೆ ಹಾಲು, ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗು ಕೆಮ್ಮದಿದ್ದರೂ ಇಳಿಯಬಹುದು. ಪದೇ ಪದೇ ಕಫ, ಊಟದ ಹೊತ್ತಿನಲ್ಲಿ ಗೊರಗೊರ ಸದ್ದು, ಒಂದು ಊಟಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು, ತೂಕ ಏರದಿರುವುದು, ಇವು ಅದರ ಗುರುತುಗಳು. ಮಗುವನ್ನು ಆದಷ್ಟು ನೆಟ್ಟಗೆ ಕೂರಿಸಿ, ತಲೆಯನ್ನು ಕೊಂಚ ಮುಂದಕ್ಕೆ, ಗದ್ದ ಎದೆಯ ಕಡೆಗೆ ಬರುವಂತೆ ಹಿಡಿದು, ಎದುರಿಗೆ ಕೂತು ಉಣ್ಣಿಸಿ. ಚಿಕ್ಕ ಚಮಚದಲ್ಲಿ ಸ್ವಲ್ಪ ಸ್ವಲ್ಪ. ನುಂಗಿದ ಮೇಲೆ ಮುಂದಿನ ತುತ್ತು. ನೀರಿನಂಥ ತೆಳು ಪದಾರ್ಥಕ್ಕಿಂತ ರಾಗಿ ಸರಿಯಂಥ ಗಟ್ಟಿ ಪದಾರ್ಥವನ್ನು ನುಂಗುವುದು ಅನೇಕ ಮಕ್ಕಳಿಗೆ ಸುಲಭ. ಊಟವಾದ ಮೇಲೂ ಅರ್ಧ ಗಂಟೆ ಮಲಗಿಸಬೇಡಿ. ಇಷ್ಟಾದರೂ ಕೆಮ್ಮು ನಿಲ್ಲದಿದ್ದರೆ ನುಂಗುವಿಕೆಯನ್ನು ಪರೀಕ್ಷಿಸಬಲ್ಲ ಆಸ್ಪತ್ರೆಗೆ ಹೋಗಬೇಕು.

ಬಟ್ಟೆ ತೊಡಿಸುವಾಗ ಬಿಗಿಯಾದ ಕೈಯನ್ನು ಮೊದಲು ತೋಳಿಗೆ ತೂರಿಸಿ, ಬಿಚ್ಚುವಾಗ ಅದನ್ನು ಕೊನೆಗೆ ತೆಗೆಯಿರಿ. ಬಿಗಿದ ಕಾಲನ್ನೋ ಕೈಯನ್ನೋ ಝಟ್ಟನೆ ಎಳೆದರೆ ಅದು ಇನ್ನಷ್ಟು ಬಿಗಿಯುತ್ತದೆ. ನಿಧಾನವಾಗಿ ಒತ್ತಿ ಹಿಡಿದರೆ ಸಡಿಲುತ್ತದೆ. ಎಣ್ಣೆ ನೀರಿನ ಸ್ನಾನ ಬೇಡವೆನ್ನುವುದಿಲ್ಲ. ಮೃದುವಾಗಿ ತಿಕ್ಕಿದರೆ ಮಗುವಿಗೂ ಹಿತ. ಆದರೆ ಅದರಿಂದ ನಡಿಗೆ ಬರುವುದಿಲ್ಲ, ತೊಡೆಯನ್ನು ಜೋರಾಗಿ ಅಗಲಿಸಿ ಎಳೆಯುವುದಂತೂ ಬೇಡವೇ ಬೇಡ.

ಕೈ ಕಲಿಯಲು ನಮ್ಮ ಅಡುಗೆಮನೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಕಡಲೆಪುರಿಯನ್ನು ಒಂದೊಂದಾಗಿ ಹೆಕ್ಕಿ ತಿನ್ನುವುದು, ಚಪಾತಿ ಹಿಟ್ಟು ನಾದುವುದು, ಅವರೆಕಾಯಿ ಬಿಡಿಸುವುದು, ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸುವುದು, ಅಜ್ಜಿಯ ಜೊತೆ ಅಳಗುಳಿಮಣೆಯಲ್ಲಿ ಹುಣಸೆ ಬೀಜ ಹಂಚುವುದು. ಕಾಳು, ಬೀಜವನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿಗೆ ಮಾತ್ರ ಅವು ಬೇಡ. ಒಂದೇ ಪಕ್ಕ ಸೋತಿರುವ ಮಕ್ಕಳಿಗೆ ಇನ್ನೊಂದು ಉಪಾಯವಿದೆ. ಚೆನ್ನಾಗಿರುವ ಕೈಗೆ ಬಟ್ಟೆಯ ಚೀಲವನ್ನೋ ಕಾಲುಚೀಲವನ್ನೋ ತೊಡಿಸಿ, ದಿನಕ್ಕೆ ಸ್ವಲ್ಪ ಹೊತ್ತು ಸೋತ ಕೈಯಿಂದಲೇ ಆಡಿಸುವುದು. ಬಳಸದ ಕೈಯನ್ನು ಮೆದುಳು ಮರೆಯುತ್ತದೆ, ಬಳಸಿದರೆ ಮತ್ತೆ ಗಮನಿಸುತ್ತದೆ ಎಂಬ ತತ್ವದ ಮೇಲೆ ನಿಂತ ಈ ಪದ್ಧತಿಗೆ ಗಟ್ಟಿ ಆಧಾರವಿದೆ. ಮಗುವಿನ ಸಿಟ್ಟನ್ನು ತಡೆದುಕೊಳ್ಳುವ ತಾಳ್ಮೆ ಬೇಕು. ಎಷ್ಟು ಹೊತ್ತು, ಎಷ್ಟು ವಾರ ಎಂಬುದನ್ನು ಥೆರಪಿಸ್ಟರೇ ಹೇಳಬೇಕು.

ಎಲ್ಲ ಮಗುವಿಗೂ ಒಂದೇ ಮದ್ದಲ್ಲ

ಪಕ್ಕದ ಮನೆಯ ಮಗುವಿಗೆ ಹೇಳಿದ ವ್ಯಾಯಾಮವನ್ನು ನಿಮ್ಮ ಮಗುವಿಗೆ ಮಾಡಿಸಬೇಡಿ. ಡೌನ್ ಸಿಂಡ್ರೋಮ್ ಇರುವ ಮಗುವಿನ ಮೈ ಬಿಗಿಯಲ್ಲ, ಸಡಿಲ. ಅದರ ತರಬೇತಿಯೇ ಬೇರೆ. ಮೂರ್ನಾಲ್ಕು ವರ್ಷದವರೆಗೆ ನಡೆದಾಡಿಕೊಂಡಿದ್ದ ಗಂಡುಮಗು ಪದೇ ಪದೇ ಬೀಳತೊಡಗಿದರೆ, ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರಿ ಹತ್ತಿಕೊಂಡಂತೆ ಏಳುತ್ತಿದ್ದರೆ ಅದು ಸ್ನಾಯುಗಳೇ ಕ್ಷೀಣಿಸುವ ರೋಗವಿರಬಹುದು. ಆ ಮಗುವಿಗೆ ದಣಿಯುವಷ್ಟು ವ್ಯಾಯಾಮ ಮಾಡಿಸಿದರೆ ಹಾನಿ. ಕಲಿತದ್ದನ್ನು ಮರೆಯುತ್ತಾ ಹೋಗುವ ಮಗುವಿಗೆ ಇರುವುದು ಸೆರೆಬ್ರಲ್ ಪಾಲ್ಸಿಯಲ್ಲ, ತಕ್ಷಣ ಮಕ್ಕಳ ನರರೋಗ ತಜ್ಞರಿಗೆ ತೋರಿಸಿ.

ಸೆರೆಬ್ರಲ್ ಪಾಲ್ಸಿಯಲ್ಲಿ ಮರೆಯಬಾರದ ಇನ್ನೊಂದು ಅಂಗ ಸೊಂಟದ ಕೀಲು. ಮೂವರಲ್ಲಿ ಒಂದು ಮಗುವಿಗೆ ತೊಡೆಯೆಲುಬು ಮೆಲ್ಲಗೆ ಕೀಲಿನಿಂದ ಹೊರಗೆ ಸರಿಯುತ್ತದೆ. ನಡೆಯಲಾಗದ ಮಕ್ಕಳಲ್ಲೇ ಇದು ಹೆಚ್ಚು. ಮೊದಮೊದಲು ನೋವಿರುವುದಿಲ್ಲ, ಮುಟ್ಟಿದರೂ ತಿಳಿಯುವುದಿಲ್ಲ, ಎಕ್ಸ್-ರೇಯಲ್ಲಿ ಮಾತ್ರ ಕಾಣುತ್ತದೆ. ಎರಡು ವರ್ಷದ ಹೊತ್ತಿಗೆ ಒಂದು ಎಕ್ಸ್-ರೇ, ಆಮೇಲೆ ವೈದ್ಯರು ಹೇಳಿದಂತೆ. ಬಿಗಿತ ತಗ್ಗಿಸುವ ಇಂಜೆಕ್ಷನ್, ಪಾದಕ್ಕೆ ಹಾಕುವ ಸ್ಪ್ಲಿಂಟ್, ಶಸ್ತ್ರಚಿಕಿತ್ಸೆ ಇವೆಲ್ಲಕ್ಕೂ ಜಾಗವಿದೆ. ಆದರೆ ಇಂಜೆಕ್ಷನ್ನಿನ ಪರಿಣಾಮ ಕೆಲವು ತಿಂಗಳು ಮಾತ್ರ. ಆ ಅವಧಿಯಲ್ಲಿ ತರಬೇತಿ ನಡೆಯದಿದ್ದರೆ ದುಡ್ಡು ಹಾಳು.

ದುಡ್ಡಿನ ಮಾತು ಬಂತು. ಆಕರಕೋಶ, ಅಂದರೆ ಸ್ಟೆಮ್ ಸೆಲ್ ಚುಚ್ಚಿ ಗುಣಪಡಿಸುತ್ತೇವೆ ಎಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ಸೆರೆಬ್ರಲ್ ಪಾಲ್ಸಿಗೆ ಅದನ್ನು ಅನುಮತಿ ಪಡೆದ ಸಂಶೋಧನೆಯಲ್ಲಿ ಬಿಟ್ಟು ಚಿಕಿತ್ಸೆಯಾಗಿ ಮಾರುವಂತಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಸಂಶೋಧನೆಗಾದರೆ ರೋಗಿಯಿಂದ ಹಣ ಕೇಳುವಂತಿಲ್ಲ. ಹೊಲ ಮಾರುವ ಮೊದಲು ಇದನ್ನು ನೆನಪಿಡಿ. ಒತ್ತಡದ ಆಮ್ಲಜನಕದ ಪೆಟ್ಟಿಗೆಯಲ್ಲಿ ಕೂರಿಸುವುದರಿಂದಲೂ ಪ್ರಯೋಜನ ಕಂಡಿಲ್ಲ.

2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದ ಚಿತ್ರಗಳನ್ನು ನೀವು ನೋಡಿರಬಹುದು. ಮಕ್ಕಳು ಅಳುತ್ತಿದ್ದವು. ಬಹಳ ಜನ ಆ ತಂದೆ ತಾಯಿಯರನ್ನು ಮೂಢರೆಂದು ಜರೆದರು. ನನಗೆ ಅನ್ನಿಸಿದ್ದು ಬೇರೆ. ಮಗು ಎದ್ದು ನಿಲ್ಲಲಿ ಎಂಬ ಆಸೆಯೇನೋ ಅವರಿಗೆ ಬೇಕಾದಷ್ಟಿತ್ತು. ಆ ಆಸೆಯನ್ನು ಹೊತ್ತು ಎಲ್ಲಿಗೆ ಹೋಗಬೇಕೆಂದು ಹೇಳುವವರು ಇರಲಿಲ್ಲ.

ನಡಿಗೆಯೊಂದೇ ಗುರಿಯಲ್ಲ

"ಇವನು ನಡೀತಾನಾ?" ಎಲ್ಲರ ಮೊದಲ ಪ್ರಶ್ನೆ ಇದು. ಎರಡು ವರ್ಷದೊಳಗೆ ತಾನಾಗಿ ಕೂರುವ ಮಗು ಒಂದಲ್ಲ ಒಂದು ರೀತಿ, ಊರುಗೋಲಿನ ಆಸರೆಯಿಂದಾದರೂ, ನಡೆಯುವ ಸಂಭವ ಹೆಚ್ಚು. ನಾಲ್ಕು ವರ್ಷವಾದರೂ ಕೂರಲಾಗದ ಮಗು ನಡೆಯುವುದು ಅಪರೂಪ. ಇದನ್ನು ತಂದೆ ತಾಯಿಗೆ ನೇರವಾಗಿ ಹೇಳಬೇಕು. ಹೇಳದೆ ಹೋದರೆ ಹನ್ನೆರಡು ವರ್ಷದ ಹುಡುಗನನ್ನೂ ಎರಡು ತೋಳಲ್ಲಿ ಹಿಡಿದು ನಡೆಸುತ್ತಲೇ ಇರುತ್ತಾರೆ, ಶಾಲೆ ತಪ್ಪಿರುತ್ತದೆ, ಗಾಲಿಕುರ್ಚಿ ಕೊಟ್ಟರೆ ಅಪಶಕುನವೆಂದು ಮೂಲೆಗಿಡುತ್ತಾರೆ. ಗಾಲಿಕುರ್ಚಿಯಿಂದ ಮಗು ಸೋಮಾರಿಯಾಗುವುದಿಲ್ಲ. ತನಗೆ ಬೇಕಾದ ಕಡೆ ತಾನೇ ಹೋಗುವುದೇ ಚಲನೆ.

ಮಾಲಿನಿ ಚಿಬ್ ಅವರ ಹೆಸರು ಕೇಳಿದ್ದೀರಾ? ಸೆರೆಬ್ರಲ್ ಪಾಲ್ಸಿಯಿದ್ದ ಮಗಳಿಗೆ ತಕ್ಕ ಶಾಲೆಯಿಲ್ಲವೆಂದು ತಾಯಿ ಮಿಥು ಆಲೂರ್ 1972ರಲ್ಲಿ ಮುಂಬಯಿಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಕಟ್ಟಿದರು. ಆ ಮಗಳು ಕಾಲೇಜು ಮುಗಿಸಿ, ಲಂಡನ್ನಿನಲ್ಲಿ ಓದಿ, ಒಂದೇ ಬೆರಳಿನಿಂದ ಟೈಪ್ ಮಾಡಿ ತನ್ನ ಆತ್ಮಕಥೆ ಬರೆದರು. ಆ ಬೆರಳನ್ನು ಕೆಲಸಕ್ಕೆ ಹಚ್ಚುವುದೂ ಥೆರಪಿಯೇ. ಕೈಬರಹ ಬಾರದ ಮಗುವಿಗೆ ಮೂರು ವರ್ಷ ಅ ಆ ಇ ಈ ತಿದ್ದಿಸುವ ಬದಲು ಕೀಲಿಮಣೆ ಕೊಟ್ಟರೆ ಅದು ಬರೆಯುವುದು ಇನ್ನೇನನ್ನೋ.

ಎಲ್ಲಿಗೆ ಹೋಗಬೇಕು?

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ಇದರ ತಂಡ ಅಂಗನವಾಡಿಗೂ ಶಾಲೆಗೂ ಬರುತ್ತದೆ. ಅದು ಬರುವ ದಿನವನ್ನು ಅಂಗನವಾಡಿ ಕಾರ್ಯಕರ್ತೆಯಲ್ಲಿ ಕೇಳಿಕೊಳ್ಳಿ. ಕಾಯಲು ಇಷ್ಟವಿಲ್ಲದಿದ್ದರೆ ನೇರವಾಗಿ ಜಿಲ್ಲಾ ಆಸ್ಪತ್ರೆಗೆ ಹೋಗಿ ಡಿ.ಇ.ಐ.ಸಿ. ಎಲ್ಲಿದೆ ಎಂದು ವಿಚಾರಿಸಿ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ನಿಮ್ಹಾನ್ಸ್, ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, ಮತ್ತು ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಎ.ಪಿ.ಡಿ. ಇವೆ. ಮಾತು, ನುಂಗುವಿಕೆಯ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಿದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಸೆರೆಬ್ರಲ್ ಪಾಲ್ಸಿ ಅವುಗಳಲ್ಲಿ ಒಂದು. ನೂರಕ್ಕೆ ನಲವತ್ತು ಅಥವಾ ಹೆಚ್ಚು ಎಂದು ಪ್ರಮಾಣಪತ್ರವಾದರೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣ ಮಗುವಿನ ಹಕ್ಕು. ಯು.ಡಿ.ಐ.ಡಿ. ಕಾರ್ಡಿನ ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ ಥೆರಪಿಯ ಖರ್ಚಿಗೂ ಅವಕಾಶವಿದೆ, ಅದನ್ನೂ ಕೇಳಿ.

ಮೊದಲ ಸಲ ಹೋಗುವಾಗ ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ತಾಯಿ ಕಾರ್ಡು, ಹಿಂದೆ ಮಾಡಿಸಿದ ಎಲ್ಲ ಪರೀಕ್ಷೆಗಳ ವರದಿ ಜೊತೆಗಿರಲಿ. ಮಗು ಮನೆಯಲ್ಲಿ ಮಲಗಿ ಕೈಕಾಲು ಆಡಿಸುವುದು, ಕೂರಲು ಹೆಣಗುವುದು, ಊಟ ಮಾಡುವುದು, ಇವನ್ನು ಮೊಬೈಲಿನಲ್ಲಿ ಎರಡೆರಡು ನಿಮಿಷ ವಿಡಿಯೋ ಮಾಡಿಕೊಂಡು ಹೋಗಿ. ಬಿಳಿ ಕೋಟು ಕಂಡೊಡನೆ ಅಳುವ ಮಗುವನ್ನು ಪರೀಕ್ಷಿಸುವುದಕ್ಕಿಂತ ಅದು ಎಷ್ಟೋ ಹೆಚ್ಚು ತಿಳಿಸುತ್ತದೆ. ಹಾಗೆಯೇ ಮಗುವಿಗೆ ಹಸಿವಾಗಿರದ, ನಿದ್ದೆ ಬಂದಿರದ ಹೊತ್ತು ನೋಡಿ ಹೊರಡಿ.